‘ಒಡಕು ಸ್ಪೀಕರ್’ ಮತ್ತು ನನ್ನ ಹೊಟ್ಟೆಯುರಿ

ಮದುವೆಯ ವಾರ್ಷಿಕೋತ್ಸವಕ್ಕೆ ನನ್ನ ಗಂಡ ತೆಳ್ಳಗಿನ, ಚೌಕನೆಯ ಪ್ಯಾಕೆಟ್ಟೊಂದನ್ನು ಕೈಗಿಟ್ಟರು. ಫೋಟೊ ಫ್ರೇಮ್ ಇರಬೇಕು ಅಂದುಕೊಂಡೆ. (ಹೋದ ವರ್ಷ ಕುಕ್ಕರ್ ಕೊಟ್ಟಿದ್ದರು. ಫೋಟೊ ಫ್ರೇಮ್ ಅಂದರೂ ನನಗದು ಪ್ರಮೋಷನ್ನೇ.) ಬಿಚ್ಚಿ ನೋಡಿದರೆ ಎಲ್‌ಪಿ ರೆಕಾರ್ಡು. ‘ಒಡಕು ಸ್ಪೀಕರ್’ ಬ್ಯಾಂಡಿನ ಹೊಸ ಲೈವ್ ಆಲ್ಬಂ. ಕವರ್ ತುಂಬ ಡ್ರಮ್ಸ್ ಬಾರಿಸುತ್ತಿರುವ ಒಬ್ಬ ಹುಡುಗಿ. ಕೂದಲು ಹಾರುತ್ತಿದೆ, ಎರಡೂ ಕೋಲು ಗಾಳಿಯಲ್ಲಿವೆ, ಮುಖದ ತುಂಬ ಬೆವರು ಮತ್ತು ನಗು.

“ನಿನ್ನ ಬ್ಯಾಂಡ್ ಅಲ್ವೇನೇ? ಖುಷಿಯಾಗುತ್ತೆ ಅಂತ ತಂದೆ,” ಅಂದರು.

ಪಾಪ, ಒಳ್ಳೆಯ ಮನುಷ್ಯ. ಕಡ್ಡಿ ಗೀರಿ ಹೆಂಡತಿಯ ಹೊಟ್ಟೆಗೇ ಬೆಂಕಿ ಇಟ್ಟಿದ್ದೇನೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ವಾರವಾರ ಈ ಅಂಕಣದಲ್ಲಿ ಪಾರ್ಕಿಂಗ್ ಜಗಳ, ನೆರೆಮನೆಯ ನಾಯಿ, ಹುಳಿಗೆ ಬೇಯದ ಬೇಳೆ ಅಂತ ಬರೆದುಕೊಂಡಿರುವ ಈ ಹೆಂಗಸು ಒಂದು ಕಾಲದಲ್ಲಿ ಡ್ರಮ್ಸ್ ಬಾರಿಸುತ್ತಿದ್ದಳು ಅಂದರೆ ನಂಬುತ್ತೀರಾ? ನಂಬಿ. ಮೈಸೂರಿನ ಅಗ್ರಹಾರದಲ್ಲಿ ನಮ್ಮಪ್ಪನದು ಪೂಜಾ ಸಾಮಾನಿನ ಅಂಗಡಿ. ವಿಭೂತಿ, ಕರ್ಪೂರ, ಊದುಬತ್ತಿ. ಸ್ಕೂಲ್ ಮುಗಿಸಿ ಬಂದವಳು ಕರ್ಪೂರದ ಖಾಲಿ ಡಬ್ಬಗಳನ್ನು ಬೋರಲು ಹಾಕಿ ಬಡಿಯುತ್ತಾ ಕೂರುತ್ತಿದ್ದೆ. “ಗಿರಾಕಿ ಓಡೋಗ್ತಾರೆ ಕಣಮ್ಮ,” ಅಂತ ಅಪ್ಪ ಬೇಡಿಕೊಳ್ಳುತ್ತಿದ್ದರು.

ಕಾಲೇಜಿನಲ್ಲಿ ಮಾದೇವ ಸಿಕ್ಕಿದ. ಮಂಡಕಳ್ಳಿಯ ರೈತರ ಮನೆ ಹುಡುಗ, ಕೈಯಲ್ಲಿ ಸದಾ ಗಿಟಾರು. ಲಕ್ಷ್ಮೀಪುರಂನಲ್ಲಿ ಅವನ ಚಿಕ್ಕಪ್ಪನ ಮನೆ. ಆ ಮನೆಗೊಂದು ಕಾರ್ ಶೆಡ್ಡು. ಕಾರಿರಲಿಲ್ಲ. ಹಾಗಾಗಿ ನಾವಿದ್ದೆವು. ನಾವು ಬಾರಿಸೋದು ಗರಾಜ್ ರಾಕ್ ಅಂದಾಗ ನಮ್ಮಮ್ಮ, “ಮೆಕ್ಯಾನಿಕ್ಕುಗಳು ಹೇಳೋ ಹಾಡಾ?” ಅಂತ ಕೇಳಿದ್ದರು. ಅಮ್ಮ ಹೇಳಿದ್ದು ತೀರಾ ತಪ್ಪಲ್ಲ. ಒಪ್ಪ ಓರಣ ಇಲ್ಲದ ಸಂಗೀತ ಅದು. ಶೆಡ್ಡು ಸಾಕು, ಸದ್ದು ಬೇಕು, ಶ್ರುತಿ ಅಲ್ಲಿ ಇಲ್ಲಿ ಜಾರಿದರೂ ಜೋಶ್ ಜಾರಬಾರದು. ನಮ್ಮ ಒಂದೇ ಒಂದು ಸ್ಪೀಕರ್ ಗೊರಗೊರ ಅನ್ನುತ್ತಿತ್ತು. ಬ್ಯಾಂಡಿಗೆ ಅದರದೇ ಹೆಸರಿಟ್ಟೆವು.

ಆಮೇಲೆ ನನಗೆ ಮದುವೆಯಾಯಿತು. ಗಂಡನ ಕೆಲಸ ಶಿವಮೊಗ್ಗದಲ್ಲಿ. ಹೋದೆ. ಯಾರೂ ಒತ್ತಾಯ ಮಾಡಲಿಲ್ಲ, ಯಾರದೂ ತಪ್ಪಿಲ್ಲ. ಕೆಲವು ವರ್ಷ ಬಿಟ್ಟು ಮೈಸೂರಿಗೆ ವಾಪಸ್ ಬರುವಷ್ಟರಲ್ಲಿ ಬ್ಯಾಂಡ್ ಬೆಳೆದಿತ್ತು. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲು ಬಂತು, ಈಗ ಸುತ್ತು ಹೊಡೆದು ಎಲ್‌ಪಿ. ನನ್ನ ಸ್ಟೂಲಿನ ಮೇಲೆ ಕೆಲವು ವರ್ಷಗಳಿಂದ ದೀಪಾ ಕೂತಿದ್ದಾಳೆ, ಅದೇ ಆ ಕವರಿನ ಹುಡುಗಿ. ಅವರ ಒಂದೊಂದು ರೆಕಾರ್ಡನ್ನೂ ನಾನು ಕೇಳಿದ್ದೇನೆ. ಯಾಕೆ ಗೊತ್ತಾ? ತಪ್ಪು ಹುಡುಕೋಕೆ! ಈ ಹಾಡಲ್ಲಿ ಸ್ಪೀಡ್ ಸಾಲದು, ಆ ಹಾಡಲ್ಲಿ ಸದ್ದು ತೆಳು, ಇನ್ನೊಂದರಲ್ಲಿ ಶೋಕಿ ಜಾಸ್ತಿ. ಕಿವಿಗೆ ಹೆಡ್‌ಫೋನ್, ಹೊಟ್ಟೆಯಲ್ಲಿ ಒಲೆ.

ಸರಿ, ಉಡುಗೊರೆಗೆ ಬರೋಣ. ಮಾವನ ಕಾಲದ ಪ್ಲೇಯರಿನ ಮೇಲೆ ರೆಕಾರ್ಡ್ ಹಾಕಿದೆವು. ಮಂಡಕಳ್ಳಿಯಲ್ಲಿ ಮಾದೇವನ ತೋಟದ ಶೆಡ್ಡಿನಲ್ಲಿ ನಡೆದ ಶೋ. ಪಕ್ಕದಲ್ಲೇ ಏರ್‌ಪೋರ್ಟು. ಹಾಡಿನ ಮಧ್ಯೆ ವಿಮಾನವೊಂದು ಇಳಿಯುತ್ತದೆ, ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಾರೆ. ನಗು ಬಂತು. ಅಷ್ಟರಲ್ಲಿ ಎಲ್ಲ ವಾದ್ಯ ನಿಂತು ಬರೀ ಡ್ರಮ್ಸ್ ಉಳಿಯಿತು. ಜನ ಕೂಗತೊಡಗಿದರು. “ದೀಪಾ! ದೀಪಾ! ದೀಪಾ!”

ಪ್ಲೇಯರಿನ ಮುಳ್ಳು ಎತ್ತಿಬಿಟ್ಟೆ.

“ಯಾಕೇ, ಚೆನ್ನಾಗಿಲ್ವಾ?”

“ಕ್ವಾಲಿಟಿ ಸುಮಾರು ಕಣ್ರೀ.”

ಕೆಲವು ದಿನ ಕಳೆದು ಮಾದೇವನ ಫೋನು. “ಗಿರಿಜಾ, ಒಂದ್ ಹಳೇ ಕ್ಯಾಸೆಟ್ ಸಿಕ್ಬುಟ್ಟಿದೆ ಕಣಮ್ಮ. ನಮ್ ಮೊದಲ್ನೇ ಶೋ! ಶೆಡ್ಡಲ್ಲಿ ಮಾಡಿದ್ವಲ್ಲ, ಅದು. ಚಿಕ್ಕಪ್ಪ ಯಾರಿಗೂ ಹೇಳ್ದೆ ಟೇಪ್ ರೆಕಾರ್ಡರ್ ಆನ್ ಮಾಡಿಟ್ಟಿದ್ರಂತೆ. ಅದ್ನೇ ಎಲ್‌ಪಿ ಮಾಡ್ಬುಡವಾ ಅಂತಿದೀವಿ. ಎಂಗಿದ್ರೂ ಅದ್ರಲ್ಲಿ ಬಾರ್ಸಿರೋಳು ನೀನೇ. ಭಾನುವಾರ ಬೆಳಿಗ್ಗೆ ಬಂದ್ಬುಡು.”

ಹಳೇ ಬ್ಯಾಂಡಿನ ಹೊಸ ಡ್ರಮ್ಮರಿನ ಮುಂದೆ ಹೋಗಿ ನಿಲ್ಲೋಕೆ ಏನು ಉಡಬೇಕು? ಇಳಕಲ್ ಸೀರೆ ಉಟ್ಟೆ, ಅತ್ತೆ ಥರ ಕಂಡೆ. ಜೀನ್ಸ್ ಹಾಕಿದೆ, ವಯಸ್ಸಿನ ಜೊತೆ ಹಟ ಮಾಡುವವಳ ಥರ ಕಂಡೆ. ಕಡೆಗೆ ಹಳೇ ಕಾಟನ್ ಚೂಡಿದಾರಕ್ಕೆ ಬಂದು ನಿಂತೆ. ಗೇಟು ತೆಗೆದವಳು ದೀಪಾನೇ. ಕವರಿನಲ್ಲಿ ಕಂಡದ್ದಕ್ಕಿಂತ ಚಿಕ್ಕ ಹುಡುಗಿ ಅನ್ನಿಸಿತು.

“ಬನ್ನಿ ಮೇಡಂ. ಮಾದೇವಣ್ಣ ನಿಮ್ಮ ಬಗ್ಗೆ ತುಂಬಾ ಹೇಳಿದಾರೆ.”

ಮೇಡಂ! ಅಲ್ಲಿಗೆ ಮೊದಲ ಏಟು ಅವಳದೇ.

ಲಕ್ಷ್ಮೀಪುರಂನ ಅದೇ ಹಳೇ ಶೆಡ್ಡು. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದು ಸ್ಟುಡಿಯೊ ಮಾಡಿದ್ದಾರೆ. ಕ್ಯಾಸೆಟ್ಟಿನದನ್ನು ಕಂಪ್ಯೂಟರಿಗೆ ಇಳಿಸಿ, ಕೂತು ಕ್ಲೀನ್ ಮಾಡಿದವಳೂ ದೀಪಾನೇ ಅಂತೆ. ಬಟನ್ ಒತ್ತಿದಳು. ಮೊದಲ ಹಾಡಿಗೆ ನನಗೆ ಎದ್ದು ಓಡಿಹೋಗೋಣ ಅನ್ನಿಸಿತು. ಯಾರದೋ ಕೆಮ್ಮು, ಪಕ್ಕದ ಮನೆಯ ಕುಕ್ಕರ್ ಸೀಟಿ, ಬಸ್ಸು ತಪ್ಪಿಹೋಗುತ್ತದೆ ಅನ್ನುವವಳ ಥರ ಓಡುತ್ತಿರುವ ನನ್ನ ಡ್ರಮ್ಸ್. ಎರಡನೆಯದೂ ಅಷ್ಟೇ. ಮಾದೇವ ನನ್ನ ಮುಖ ನೋಡದೆ ಮೀಸೆ ತೀಡುತ್ತಾ ಕೂತಿದ್ದ.

ಮೂರನೇ ಹಾಡು ಶುರುವಾಯಿತು.

ಏನಾಯಿತೋ ಗೊತ್ತಿಲ್ಲ. ಅದೇ ಓಟ, ಆದರೆ ಈ ಸಲ ಎಲ್ಲರೂ ಜೊತೆಗೆ ಓಡುತ್ತಿದ್ದಾರೆ. ಮಾದೇವನ ಧ್ವನಿ ಒಡೆಯುವ ಜಾಗಕ್ಕೆ ಸರಿಯಾಗಿ ನನ್ನ ಏಟು ಬಿದ್ದು ಅವನನ್ನು ಎತ್ತಿ ಹಿಡಿಯುತ್ತಿದೆ. ಒಂದು ಕಡೆ ಅರೆಗಳಿಗೆ ಕೈ ತಡೆದು, ಎಲ್ಲರೂ ಉಸಿರು ಬಿಗಿಹಿಡಿದಾಗ, ಧಡ್ ಅಂತ ಬಿಟ್ಟಿದ್ದೇನೆ. ಯಾರಿವಳು? ಇಷ್ಟು ಧೈರ್ಯ ಇವಳಿಗೆ ಎಲ್ಲಿಂದ ಬಂತು? ನಾನು ಇಷ್ಟು ಚೆನ್ನಾಗಿದ್ದೆ ಅಂತ ನನಗೆ ಯಾರೂ ಯಾಕೆ ಹೇಳಲಿಲ್ಲ? ಕಣ್ಣಲ್ಲಿ ನೀರು ಬಂತು. ಮಾದೇವನ ಕಣ್ಣಲ್ಲೂ.

ಆಗ ದೀಪಾಳ ಕಡೆ ನೋಡಿದೆ.

ಅವಳು ತಲೆ ತೂಗುತ್ತಿರಲಿಲ್ಲ. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ನೆಲ ನೋಡುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅವಳ ಪ್ರತಿ ರೆಕಾರ್ಡ್ ಬಂದಾಗಲೂ ನಮ್ಮ ಬಾತ್‌ರೂಮಿನ ಕನ್ನಡಿಯಲ್ಲಿ ನೋಡಿದ್ದೇನೆ.

“ಕ್ವಾಲಿಟಿ ಸಾಲದು ಮಾದೇವಣ್ಣ,” ಅಂದಳು. “ತುಂಬಾ ಗರಗರ ಅನ್ನುತ್ತೆ. ರಿಲೀಸ್ ಮಾಡಿದ್ರೆ ಬ್ಯಾಂಡಿನ ಹೆಸರು ಕೆಡುತ್ತೆ.”

“ಒಡಕು ಸ್ಪೀಕರ್ ಅಂತ ಹೆಸ್ರು ಮಡಗಿಕೊಂಡು ಗರಗರ ಅನ್ನಬಾರ್ದು ಅಂತೀಯಲ್ಲ!” ಮಾದೇವ ಜೋರಾಗಿ ನಕ್ಕ.

ಅವಳು ನಗಲಿಲ್ಲ. ಕಾಫಿ ತರ್ತೀನಿ ಅಂತ ಎದ್ದು ಹೋದಳು.

ಒಂದು ಗುಟ್ಟು ಹೇಳಲಾ? ನನ್ನ ಡ್ರಮ್ಸ್ ಕೇಳಿದಾಗ ಆದದ್ದಕ್ಕಿಂತ ಹೆಚ್ಚು ಖುಷಿ ಆಗ ಆಯಿತು. ಉರಿ, ಮಗಳೇ, ಉರಿ! ಒಬ್ಬರ ಹೊಟ್ಟೆ ನಮ್ಮಿಂದ ಉರಿಯುವುದು ಇಷ್ಟು ಹಿತವಾಗಿರುತ್ತದೆ ಅಂತ ಗೊತ್ತೇ ಇರಲಿಲ್ಲ. ಕಾಫಿ ಕುಡಿದೆ. ಎರಡನೇ ಲೋಟವೂ ಕುಡಿದೆ. “ನಿಮ್ಮಿಷ್ಟ ಮಾದೇವ, ನನಗೇನೂ ಆಸೆಯಿಲ್ಲ,” ಅಂತ ದೊಡ್ಡವಳ ಥರ ಹೇಳಿ ಹೊರಟೆ.

ಚಪ್ಪಲಿ ಹಾಕುತ್ತಿದ್ದೆ. ದೀಪಾ ಹಿಂದೆಯೇ ಬಂದಳು.

“ಮೇಡಂ, ಒಂದು ನಿಮಿಷ. ಕ್ವಾಲಿಟಿ ಚೆನ್ನಾಗೇ ಇದೆ. ನಂಗೆ ಹೊಟ್ಟೆಕಿಚ್ಚು ಬಂತು, ಅದಕ್ಕೇ ಹಾಗಂದೆ.”

ನಾನು ಒಂದು ಕಾಲಿಗೆ ಚಪ್ಪಲಿ ಹಾಕಿ ಹಾಗೇ ನಿಂತೆ.

“ಆ ಮೂರನೇ ಹಾಡು ಪ್ರತಿ ಶೋನಲ್ಲೂ ಬಾರಿಸ್ತೀನಿ. ನಂದೇ ಅಂದ್ಕೊಂಡಿದ್ದೆ. ಕ್ಲೀನ್ ಮಾಡುವಾಗ್ಲೇ ಗೊತ್ತಾಯ್ತು, ನಂದಲ್ಲ ಅಂತ. ನೀವು ಕೈ ತಡೀತೀರಲ್ಲ, ಅಲ್ಲಿ ನನಗೆ ಹೆದರಿಕೆ ಆಗುತ್ತೆ, ಮುಂಚೇನೇ ಹೊಡೆದ್ಬಿಡ್ತೀನಿ. ಸಾರಿ. ಮಾದೇವಣ್ಣಂಗೂ ಹೇಳ್ತೀನಿ, ರಿಲೀಸ್ ಮಾಡೋಣ ಅಂತ.”

ನೋಡಿ, ನಮ್ಮ ಜನ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಬಿಪಿ, ಶುಗರ್, ಮಲಬದ್ಧತೆ ಎಲ್ಲ ಹೇಳಿಕೊಳ್ಳುತ್ತೇವೆ. ಹೊಟ್ಟೆಕಿಚ್ಚು ಮಾತ್ರ ಯಾರಿಗೂ ಇಲ್ಲ! ತಂಗಿ ಸೈಟು ತಗೊಂಡರೆ ‘ಏರಿಯಾ ಸರಿಯಿಲ್ಲ’. ಗೆಳತಿಯ ಮಗಳು ರ‍್ಯಾಂಕ್ ಬಂದರೆ ‘ಬರೀ ಉರು ಹೊಡೆಯೋದು’. ನಾನು ವರ್ಷಗಟ್ಟಲೆ ‘ಕ್ವಾಲಿಟಿ’ ಅಂತ ಮುಚ್ಚಿಟ್ಟುಕೊಂಡದ್ದನ್ನು ಈ ಹುಡುಗಿ ಎರಡು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳಿಬಿಟ್ಟಳು. ಅಷ್ಟಕ್ಕೆ ನನ್ನ ಮನಸ್ಸು ದೊಡ್ಡದಾಯಿತು ಅಂದುಕೊಂಡಿರಾ? ಇಲ್ಲ ಕಣ್ರೀ. ಹೊಟ್ಟೆಕಿಚ್ಚು ಪಡೋದರಲ್ಲೂ ಇವಳೇ ನನಗಿಂತ ಚೆನ್ನಾಗಿದ್ದಾಳಲ್ಲ ಅಂತ ಇನ್ನಷ್ಟು ಉರಿಯಿತು.

ಆದರೂ ಹೇಳಿದೆ. “ನಿಮ್ಮ ಹೊಸ ಎಲ್‌ಪಿ ನಮ್ಮ ಮನೇಲಿದೆ. ಜನ ನಿನ್ನ ಹೆಸರು ಕೂಗೋದು ಕೇಳೋಕಾಗ್ದೆ ಅರ್ಧಕ್ಕೇ ಆಫ್ ಮಾಡ್ದೆ.”

ಅವಳು ಕಣ್ಣರಳಿಸಿ ನೋಡಿದಳು. “ಹಾಗಾದ್ರೆ ಎರಡನೇ ಸೈಡ್ ಕೇಳೇ ಇಲ್ವಾ? ಕೇಳಿ ಮೇಡಂ. ಅದರಲ್ಲಿ ದೊಡ್ಡ ತಪ್ಪು ಮಾಡಿದೀನಿ. ನಿಮಗೆ ಖುಷಿಯಾಗುತ್ತೆ.”

ಇಬ್ಬರೂ ಗೇಟು ಹಿಡಿದುಕೊಂಡು ನಕ್ಕಿದ್ದು ನೋಡಿ ಮಾದೇವ ಒಳಗಿಂದ ಓಡಿಬಂದ. “ಏನಾಯ್ತು? ಜಗಳ ಆಡ್ಬುಟ್ರಾ?”

ಮತ್ತೆ ಒಳಗೆ ಹೋದೆ. ದೀಪಾ ಸ್ಟೂಲು ತಗ್ಗಿಸಿ ಕೋಲು ಕೈಗಿಟ್ಟಳು. ನಾಲ್ಕು ಏಟು ಹೊಡೆಯುವಷ್ಟರಲ್ಲಿ ಮಣಿಕಟ್ಟು ಹಿಡಿದುಕೊಂಡಿತು. ಕೈ ತಡೆಯುವ ಆ ಜಾಗವನ್ನಷ್ಟೇ ತೋರಿಸಿಕೊಟ್ಟೆ. ಅವಳು ಕೂತು ಬಾರಿಸಿದಳು. ಮೊದಲು ಆಗಲಿಲ್ಲ. ಆಮೇಲೆ ಆಯಿತು. ಆದಾಗ ನನಗೆ ಸಂತೋಷವೂ ಆಯಿತು, ಯಾಕಾದರೂ ಹೇಳಿಕೊಟ್ಟೆನೋ ಅಂತಲೂ ಆಯಿತು.

ಕೊನೆಗೆ ದೀಪಾನೇ ಒಂದು ದಾರಿ ಹೇಳಿದಳು. ಒಂದು ಸೈಡಿಗೆ ಆ ಹಳೇ ಶೋ. ಇನ್ನೊಂದು ಸೈಡಿಗೆ ಅದೇ ಹಾಡುಗಳು, ಅದೇ ಶೆಡ್ಡಿನಲ್ಲಿ, ಈಗ ಅವಳು ಬಾರಿಸಿದ್ದು. ಕವರ್ ಮೇಲೆ ಯಾರ ಫೋಟೊ ಅನ್ನುವ ಮಾತು ಬಂದಾಗ ನಾವಿಬ್ಬರೂ ಒಟ್ಟಿಗೇ ಖಾಲಿ ಕಾಫಿ ಲೋಟಗಳಿಗೆ ಕೈ ಹಾಕಿದೆವು. ಮಾದೇವ ಜಾಣ, ಶೆಡ್ಡಿನ ಬಾಗಿಲಿನ ಫೋಟೊ ಹಾಕುತ್ತಿದ್ದಾನೆ.

ರೆಕಾರ್ಡ್ ಸದ್ಯದಲ್ಲೇ ಬರುತ್ತದೆ. ಎರಡೂ ಸೈಡ್ ಕೇಳಿ, ಇಬ್ಬರೂ ಚೆನ್ನಾಗಿದ್ದಾರೆ ಅಂತ ದೀಪಾಳ ಮುಂದೆ ಹೇಳಿ, ಪರವಾಗಿಲ್ಲ. ಆದರೆ ನನಗೊಬ್ಬಳಿಗೆ ನಿಜ ಹೇಳಿಬಿಡಿ: ಎರಡನೇ ಸಲ ಹಾಕಿ ಕೇಳಿದ್ದು ಯಾರ ಸೈಡು?