ಎಲೆಯ ಮೇಲಿಟ್ಟ ಅಂಗೈ

ಎರಡನೇ ಮುದ್ದೆ ಹಿಡಿದು ನಾನು ಬಗ್ಗುತ್ತಿದ್ದಂತೆ ರತ್ನಮ್ಮ ಎಲೆಯ ಮೇಲೆ ಅಂಗೈ ಅಡ್ಡ ಇಟ್ಟರು. ಕನಕಪುರದಲ್ಲಿ ನನ್ನ ತಂಗಿಯ ಮದುವೆಯ ಬೀಗರೂಟ. ರತ್ನಮ್ಮ ಗಂಡಿನ ಸೋದರತ್ತೆ. ದಪ್ಪ ಮೈ, ದೊಡ್ಡ ದನಿ. ಬೀಗರು ಬೇಡವೆಂದರೂ ಬಿಡದೆ ಬಡಿಸುವುದೇ ನಮ್ಮ ಕಡೆ ಮರ್ಯಾದೆ. ಅವರ ಕೈ ಸರಿಸಲು ಹೋದೆ.

“ಬ್ಯಾಡ ಕಣವ್ವ,” ಎಂದರು, ಇಡೀ ಪಂಕ್ತಿಗೆ ಕೇಳುವಂತೆ. “ತೂಕ ಇಳಿಸ್ದಿದ್ರೆ ಎದ್ದು ಓಡಾಡೋದ್ನ ಮರ್ತ್‌ಬುಡಿ ಅಂತ ಡಾಕ್ಟ್ರು ಮೊಕಕ್ಕೆ ಹೊಡ್ದಂಗೆ ಹೇಳವ್ರೆ. ಮನೆಗ್ ಬಂದು ಒಸಿ ಅತ್ಕಂಡೆ. ಆಮೇಕೆ ಅನ್ನಿಸ್ತು, ಮಾತು ಅವರ್ದಾದ್ರೂ ಮಂಡಿ ನಂದೇ ತಾನೆ?”

ರತ್ನಮ್ಮ ನಗುತ್ತಾ, “ಸಾರು ಒಸಿ ಬುಡು, ಚೆನ್ನಾಗೈತೆ” ಎಂದರು. ಪಕ್ಕದಲ್ಲಿದ್ದ ಇನ್ನಿಬ್ಬರು ಹೆಂಗಸರ ಅಂಗೈಯೂ ಮೆಲ್ಲಗೆ ಎಲೆಯ ಮೇಲೆ ಬಂತು.

ನನಗೂ ಡಾಕ್ಟರೊಬ್ಬರು ಅಂಥದೇ ಮಾತು ಹೇಳಿದ್ದರು. ಅವಮಾನವೆನಿಸಿ ಮನೆಯಲ್ಲಿ ಯಾರಿಗೂ ತಿಳಿಸದೆ, ಬಡಿಸಿದ್ದನ್ನೆಲ್ಲ ಉಣ್ಣುತ್ತಿದ್ದೆ. ಅಂದು ಕೊನೆಯ ಪಂಕ್ತಿಯಲ್ಲಿ ನಾನು ಕೂತಾಗ ಅಮ್ಮ ಎರಡನೇ ಮುದ್ದೆ ತಂದಳು. ಎಲೆಯ ಮೇಲೆ ಅಂಗೈ ಇಟ್ಟೆ. “ಯಾಕವ್ವ?” ಎಂದಳು. ಹೇಳಿದೆ, ಇಡೀ ಪಂಕ್ತಿಗೆ ಕೇಳುವಂತೆ.