ಕರುಣಾಬಾಯಿ ಕುದಿಸಿದ ದ್ರಾಕ್ಷಿ ರಸ

ಕಾಚಿಗೂಡದ ನಮ್ಮ ಗಲ್ಲಿಯ ಆಟೋಗಳ ಹಿಂದೆ ಉಪೇಂದ್ರನ ಮುಖ ಅಂಟಿಸಿದ್ದಾರೆ. ಬಿಳಿ ಕೋಟು, ಮೇಲೆತ್ತಿದ ಕೈ, ಬೆನ್ನ ಹಿಂದೆ ಬೆಂಕಿಯ ಚಿತ್ರ, ಕೆಳಗೆ ತೆಲುಗಿನಲ್ಲಿ ‘ಅಂತ್ಯಕಾಲದ ಪ್ರವಾದಿ’ ಎಂಬ ಬಿರುದು. ಅದು ಕಣ್ಣಿಗೆ ಬಿದ್ದ ದಿನ ನನಗೆ ಊಟ ಸೇರುವುದಿಲ್ಲ. ಈ ಪ್ರವಾದಿಯ ಮೂಗು ಒರೆಸಿ ಸಂಡೇಸ್ಕೂಲಿನಲ್ಲಿ ಕೂರಿಸಿದವಳು ನಮ್ಮ ಕರುಣಾಬಾಯಿ. ಅವನ ಹೆಸರು ಊರಿಗೆಲ್ಲ ಗೊತ್ತು, ಅವಳ ಬಗ್ಗೆ ಒಂದು ಸಾಲನ್ನೂ ಯಾರೂ ಬರೆದಿಲ್ಲ. ಆ ಸಿಟ್ಟಿಗೇ ನಾನು ಬರೆಯಲು ಕೂತಿದ್ದೇನೆ.

ನಮ್ಮದು ಬೀದರ್ ಕಡೆಯಿಂದ ಬಂದ ಕ್ರೈಸ್ತರ ಸಣ್ಣ ಸಭೆ. ಹೈದರಾಬಾದಿನಲ್ಲಿ ಮೂರು ತಲೆಮಾರು ಕಳೆದರೂ ಭಾನುವಾರ ಕನ್ನಡದಲ್ಲೇ ಹಾಡುತ್ತೇವೆ, ಕನ್ನಡದಲ್ಲೇ ಜಗಳವಾಡುತ್ತೇವೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯೇಸುವಿನ ದೇಹವೆಂದು ರೊಟ್ಟಿಯ ಒಂದು ಚೂರು, ರಕ್ತವೆಂದು ಒಂದು ಗುಟುಕು ದ್ರಾಕ್ಷಿ ರಸ. ನಮ್ಮವರು ಕರ್ತನ ಮೇಜಿಗೂ ಹೆಂಡ ಮುಟ್ಟಿಸುವವರಲ್ಲ. ಹಾಗಾಗಿ ರಸವನ್ನು ಮನೆಯಲ್ಲೇ ಕುದಿಸಿ ಮಾಡಬೇಕು. ಆ ಕೆಲಸ ಮೊದಲು ಗಂಗೂಬಾಯಿಯದು. ಕ್ರಿಸ್ತನನ್ನು ನಂಬಿದ ಮೇಲೂ ಹಳೆಯ ಹೆಸರನ್ನು ಬಿಡದ ಗಟ್ಟಿ ಮುದುಕಿ. ಅವಳು ಹೋದ ಮೇಲೆ ಅದು ಸೊಸೆ ಕರುಣಾಬಾಯಿಯ ಪಾಲಿಗೆ ಬಂತು.

ಕೋಠಿ ಬಜಾರಿನ ಅಂಗಡಿಯಿಂದ ಕಪ್ಪು ಒಣದ್ರಾಕ್ಷಿ ತರುತ್ತಿದ್ದಳು. ತೊಳೆದು, ನೆನೆಹಾಕಿ, ಶನಿವಾರ ಮಧ್ಯಾಹ್ನ ಸಣ್ಣ ಉರಿಯಲ್ಲಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಹಿಂಡುತ್ತಿದ್ದಳು. ಆ ಪಾತ್ರೆಯಲ್ಲಿ ಬೇರೆ ಏನೂ ಬೇಯುವಂತಿಲ್ಲ. ರುಚಿ ನೋಡುವಂತಿಲ್ಲ. ಸಕ್ಕರೆ ಹಾಕುವಂತಿಲ್ಲ. ಪಾದ್ರಿಗಳು ಪ್ರಾರ್ಥನೆ ಮಾಡಿದ ಮೇಲೆ ಉಳಿದ ರಸವನ್ನು ಮೋರಿಗೆ ಚೆಲ್ಲದೆ ಗಿಡದ ಬುಡಕ್ಕೆ ಹಾಕಬೇಕು. ಇವೆಲ್ಲ ಅತ್ತೆಯ ಕಟ್ಟಪ್ಪಣೆ. ಕರುಣಾಬಾಯಿ ಒಂದನ್ನೂ ಮೀರಿದವಳಲ್ಲ.

ಆ ಶನಿವಾರಗಳಲ್ಲಿ ಅವಳ ಗಂಡ ಸೂರ್ಯಕಾಂತ ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು, ನಮ್ಮ ಗಾಯಕವೃಂದದ ಒಳ್ಳೆಯ ದನಿ. ಮರುದಿನದ ಹಾಡುಗಳನ್ನು ಗುನುಗುತ್ತ, “ಈ ವಾಸನಿ ಬಂತಂದ್ರ ನನ್ನ ಐತವಾರ ಇವತ್ತs ಸುರು ಆತು ನೋಡು,” ಅನ್ನುತ್ತಿದ್ದ. ನಾನು ಪಕ್ಕದ ಮನೆಯವಳು. ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ. ದಿನಾ ಎರಡು ಹೊತ್ತು ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಕಾಲು ಉರಿಯುತ್ತದೆ, ರಾತ್ರಿ ನಿದ್ದೆಯಿಲ್ಲ, ನಾಲಿಗೆಗೆ ರುಚಿಯಿಲ್ಲ. ಅವನ ಸಂಕಟ ಸುಳ್ಳಲ್ಲ. ಹಾಗೆ ನರಳುವವನ ಮೊಬೈಲಿಗೆ ಉಪೇಂದ್ರನ ವಿಡಿಯೋ ಬಂತು. ನಮ್ಮ ಸಭೆಯ ಹುಡುಗನೇ ಆಗಿದ್ದವನು ಎಲ್ಲೋ ಹೋಗಿ, ಏನೇನೋ ಕಲಿತು ಬಂದು, ಉಪ್ಪಲ್‌ನಲ್ಲಿ ಮದುವೆ ಹಾಲ್ ಹಿಡಿದು ಪ್ರವಾದಿಯಾಗಿದ್ದ. ಲೋಕಾಂತ್ಯದ ಮಹಾಸಂಕಟ ಬಾಗಿಲಿಗೆ ಬಂದಿದೆಯಂತೆ. ಔಷಧಿ ಡಬ್ಬಿಯ ಮೇಲಿನ ಗೆರೆಗೆರೆಯ ಗುರುತೇ ಬೈಬಲಿನಲ್ಲಿ ಹೇಳಿದ, ಸೈತಾನನವರ ಮೇಲೆ ಬೀಳುವ ಮೃಗದ ಗುರುತಂತೆ. ಮೈಯೊಳಗೆ ಔಷಧಿ ಇರುವವರನ್ನು ಕರ್ತನು ಮೋಡದಲ್ಲಿ ಬಂದಾಗ ಇಲ್ಲೇ ಬಿಟ್ಟು ಹೋಗುತ್ತಾನಂತೆ. ಇದನ್ನೆಲ್ಲ ಅವನು ಕಣ್ಣೀರು ಸುರಿಸಿ ಹೇಳುತ್ತಿದ್ದ. ಸುಳ್ಳು ಬೋಧಕರು ಬರುತ್ತಾರೆಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ನಮ್ಮ ಬೆಂಚಿನಿಂದಲೇ ಎದ್ದು ಹೋಗಿ ಬರುತ್ತಾರೆಂದು ಯಾರೂ ಹೇಳಿರಲಿಲ್ಲ. ಥೂ.

ಸೂರ್ಯಕಾಂತ ನಮ್ಮ ಸಭೆಗೆ ಬರುವುದನ್ನು ನಿಲ್ಲಿಸಿದ. ಒಂದು ದಿನ ಹೆಂಡತಿಗೆ ಹೇಳಿದ:

“ಉಪೇಂದ್ರನ ಕೂಟಕ್ಕೂ ರಸ ಬೇಕಂತ. ನಿನ್ನ ಕೈದs ಬೇಕಂದಾನ. ಮಾಡಿ ಕೊಡ್ತಿ?”

ಕರುಣಾಬಾಯಿಗೆ ಸಂತೋಷವಾಯಿತು. ಗಂಡ ಎಲ್ಲಾದರೂ ಸರಿ, ಭೋಜನ ತಗೊಳ್ಳುತ್ತಿದ್ದಾನಲ್ಲ ಅಂದುಕೊಂಡಳು. ಕುದಿಸಿ ಕೊಟ್ಟಳು. ಆಮೇಲೆ ವಾರವಾರವೂ ಕುದಿಸಿದಳು. ದೊಡ್ಡ ಪಾತ್ರೆ ಬಂತು, ಒಯ್ಯಲು ಕ್ಯಾನು ಬಂತು. ಸಕ್ಕರೆ ಹಾಕು ಅಂದ ದಿನ ಮಾತ್ರ ಅವಳ ಕೈ ತಡೆಯಿತು.

“ಅತ್ತಿ ಬ್ಯಾಡಂತಿದ್ರು.”

“ಅಲ್ಲಿ ಮಂದಿ ಹುಳಿ ಕುಡ್ಯೂದಿಲ್ಲ. ಪಾಪ, ಭಾಳ ಬಡೂರು. ಹಾಕು.”

ಹಾಕಿದಳು. ಗಂಡನ ಮಾತು, ಬಡವರ ಹೆಸರು, ಕರ್ತನ ಮೇಜು. ಈ ಮೂರನ್ನೂ ಕೂಡಿಸಿ ಕೇಳಿದರೆ ಬೇಡವೆನ್ನುವ ಹೆಂಗಸು ನಮ್ಮ ಸಭೆಯಲ್ಲಿ ಇನ್ನೂ ಹುಟ್ಟಿಲ್ಲ. ಅದು ಉಪೇಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ನಡುವೆ ಬೆಳೆದವನಲ್ಲವೇ.

ಈಸ್ಟರ್‌ಗೆ ಮುಂಚೆ ಮನೆ ಸಾರಿಸುವಾಗ ಅವಳು ಗಂಡನ ಮಂಚ ಸರಿಸಿದಳು. ಕೆಳಗೆ ರಾಶಿ ಬಾಟಲಿ. ಕೆಮ್ಮಿನ ಔಷಧಿಯಷ್ಟು ಚಿಕ್ಕವು, ಪ್ರತಿಯೊಂದರ ಮೇಲೂ ಉಪೇಂದ್ರನ ಮುಖ, ‘ಸರ್ವರೋಗಕ್ಕೆ ಅಭಿಷೇಕದ ರಸ’ ಎಂಬ ಬರಹ. ಒಂದನ್ನು ತೆಗೆದು ಮೂಸಿದಳು. ತನ್ನ ಒಲೆಯ ಮೇಲೆ ಬೆಂದದ್ದರ ವಾಸನೆ ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ? ಫ್ರಿಜ್ ತೆಗೆದು ನೋಡಿದರೆ ಇನ್ಸುಲಿನ್ ಒಂದೂ ಇಲ್ಲ. ಅದನ್ನೆಲ್ಲ ಒಯ್ದು ಉಪೇಂದ್ರನ ವೇದಿಕೆಯ ಮುಂದೆ ಸುರಿದು ಬಂದು, ಅದರ ಬದಲು ಬೆಳಿಗ್ಗೆ ಸಂಜೆ ಈ ಸಕ್ಕರೆ ನೀರು ಕುಡಿಯುತ್ತಿದ್ದ ಆ ಮಹಾನುಭಾವ. ಹೆಬ್ಬೆರಳಿನ ಹುಣ್ಣನ್ನು ಕಾಲುಚೀಲದಲ್ಲಿ ಮುಚ್ಚಿಟ್ಟಿದ್ದ.

ಕರುಣಾಬಾಯಿ ಕೂಗಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗೋಡೆ ದಾಟಿ ಬಂತು ದನಿ.

“ಇದು ನಾ ಕುದಿಸಿದ್ದ್ರಿ! ನನ್ನ ಕೈಲೆ ನಿಮಗ ವಿಷಾ ಕುಡಿಸ್ಯಾನ್ರಿ ಅಂವಾ!”

“ನೀ ಕುದಿಸಿದಿ. ಪ್ರವಾದಿಗೋಳು ಅಭಿಷೇಕ ಮಾಡ್ಯಾರ. ಈಗ ಅದು ಬ್ಯಾರೆ.”

“ದವಾಖಾನಿಗೆ ನಡೀರಿ.”

“ನಿನ್ನ ವಿಶ್ವಾಸ ಸಣ್ಣದೈತಿ ಕರುಣಾ. ನೀ ಉಳಕೋತಿ. ನಾ ಹೋಗಾಂವಾ.”

ಪಾದ್ರಿಗಳು ಬಂದು ಹೇಳಿದರು, ನಾನು ಹೇಳಿದೆ, ಯಾರ ಮಾತೂ ಅವನ ತಲೆಗೆ ಹೋಗಲಿಲ್ಲ. ಉಪೇಂದ್ರ ಹೇಳಿದರೆ ಮಾತ್ರ ಸೂಜಿ ಹಿಡಿಯುತ್ತೇನೆ ಅಂದ. ಹಾಗಾಗಿ ಆ ಶುಕ್ರವಾರ ಅವನು ಕೂಟಕ್ಕೆ ಹೊರಟ ಮೇಲೆ ನಾವಿಬ್ಬರೂ ಕೋಠಿಯಿಂದ ಉಪ್ಪಲ್ ಬಸ್ಸು ಹಿಡಿದೆವು. ಕರುಣಾಬಾಯಿಯ ಮಡಿಲಲ್ಲಿ ರಸದ ಪಾತ್ರೆ, ಖಾಲಿ.

ಆ ಮದುವೆ ಹಾಲ್‌ನ ಒಳಗೆ ಹೋದೆವು. ಡ್ರಮ್ಮು, ಹೊಗೆ, ನೆಲದಲ್ಲಿ ಹೊರಳಾಡುವ ಜನ. ವೇದಿಕೆಯ ಕೆಳಗೆ ಒಂದು ಟಬ್ಬು, ಅದರ ತುಂಬ ಮಾತ್ರೆಯ ಪಟ್ಟಿ, ಇನ್ಹೇಲರ್, ಯಾರದೋ ಮಗುವಿನ ಫಿಟ್ಸ್ ಔಷಧಿ. ಅದನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಉಪೇಂದ್ರ ಕರುಣಾಬಾಯಿಯನ್ನು ಗುರುತು ಹಿಡಿದ. ಹೆದರುತ್ತಾನೆಂದು ನಾನು ಎಣಿಸಿದ್ದೆ. ಹೆದರುವುದೆಲ್ಲಿ ಬಂತು! ಎರಡೂ ಕೈ ಚಾಚಿ ಮೇಲಕ್ಕೆ ಕರೆದ. ಈ ರಸವನ್ನು ಪ್ರಾರ್ಥಿಸುತ್ತ ಮಾಡುವ ತಾಯಿ ಇವರೇ ಎಂದು ಮೈಕಿನಲ್ಲಿ ಸಾರಿದ.

“ಉಪ್ಯಾ,” ಅಂದಳು ಅವಳು, ಕನ್ನಡದಲ್ಲಿ. “ನನ್ನ ಗಂಡಗ ಸೂಜಿ ಚುಚ್ಚಕೋ ಅಂತ ಹೇಳು. ಒಂದ ಮಾತು. ನಾ ಸುಮ್ಮ ಮನಿಗೆ ಹೋಗ್ತೀನಿ.”

ಅವನು ಮೈಕಿನ ಬಾಯಿ ಮುಚ್ಚಿ ನಕ್ಕ. “ಟೀಚರ್, ಇಷ್ಟ ಮಂದ್ಯಾಗ ಅದನ್ನ ಹ್ಯಾಂಗ ಹೇಳ್ಲಿರಿ? ನೀವs ತಿಳಕೋರಿ.”

ಈ ಮಾತು ಹೇಳುವಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಅಂಗಡಿಯವನು ಗಿರಾಕಿಗೆ ಬೇರೆ ದಿನ ಬನ್ನಿ ಅನ್ನುವ ಹಾಗೆ ಹೇಳಿದ. ಕರುಣಾಬಾಯಿ ಅವನ ಕೈಯಿಂದ ಮೈಕು ಕಿತ್ತುಕೊಂಡಳು. ಮುರುಕು ತೆಲುಗಿನಲ್ಲಿ, ಪಾತ್ರೆಯನ್ನು ಎತ್ತಿ ತೋರಿಸಿ ಹೇಳಿದಳು: ಇದರಲ್ಲಿ ಏನೂ ಇಲ್ಲ. ಕೋಠಿಯ ಅಂಗಡಿಯ ದ್ರಾಕ್ಷಿ, ನಲ್ಲಿಯ ನೀರು, ಸಕ್ಕರೆ. ನನ್ನ ಮನೆಯ ಗ್ಯಾಸಿನ ಮೇಲೆ ನಾನೇ ಕುದಿಸಿದ್ದು. ಇದು ಬರೀ ದ್ರಾಕ್ಷಿ ನೀರು, ಇದರಿಂದ ಯಾರ ಕಾಯಿಲೆಯೂ ವಾಸಿಯಾಗುವುದಿಲ್ಲ.

ಜನ ಎದ್ದು ಹೋಗುತ್ತಾರೆ, ಇಲ್ಲವೇ ನಮ್ಮನ್ನು ಹೊಡೆಯುತ್ತಾರೆ ಅಂದುಕೊಂಡೆ. ಎರಡೂ ಆಗಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಮೇಲೆ ಬಂದು ಕರುಣಾಬಾಯಿಯ ಕಾಲು ಹಿಡಿದಳು. ಹಾಗಾದರೆ ನೀವೇ ನೇರ ಕೊಡಿ ಅಮ್ಮಾ, ನಿಮ್ಮ ಮನೆ ಎಲ್ಲಿ, ಅಂದಳು. ಹಿಂದೆಯೇ ಇನ್ನೊಬ್ಬಳು. ಆಮೇಲೆ ನೂಕುನುಗ್ಗಲು. ಖಾಲಿ ಪಾತ್ರೆಯ ಅಂಚಿಗೆ ಬೆರಳು ಸವರಿ ನೆಕ್ಕಿದರು. ನಾನು ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಅವಳ ಸೆರಗು ಹರಿದಿತ್ತು. ಉಪೇಂದ್ರನ ಮೇಲೆ ನನಗೆ ಇದ್ದ ಅಸಹ್ಯ ಅವತ್ತು ಆ ಜನರ ಮೇಲೂ ಬಂತು, ಇವತ್ತಿಗೂ ಹೋಗಿಲ್ಲ. ಹೋಗಲೆಂದು ಪ್ರಾರ್ಥಿಸುವ ಮನಸ್ಸೂ ನನಗಿಲ್ಲ.

ಸೂರ್ಯಕಾಂತ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿದ್ದ. ನಮ್ಮ ಜೊತೆ ಮಾತಾಡದೆ ನಾವು ಹತ್ತಿದ ಬಸ್ಸಿನಲ್ಲೇ ವಾಪಸು ಬಂದು, ಮನೆಯ ಮೆಟ್ಟಿಲಲ್ಲಿ ಕುಸಿದ. ಆಸ್ಪತ್ರೆಯಲ್ಲಿ ಎಚ್ಚರ ಬರುವ ಹೊತ್ತಿಗೆ ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಉಪೇಂದ್ರ ನೋಡಲು ಬರಲಿಲ್ಲ. ಹೆಂಡತಿಯ ಅವಿಶ್ವಾಸ ಗಂಡನ ಕಾಲನ್ನು ತಿಂದಿತು ಎಂದು ಮುಂದಿನ ಶುಕ್ರವಾರ ಬೋಧಿಸಿದನಂತೆ. ಆ ವಿಡಿಯೋವನ್ನು ನಮ್ಮವರೇ ಒಬ್ಬರು ಕರುಣಾಬಾಯಿಗೆ ಕಳಿಸಿದರು, ನೋಡಲಿ ಅಂತ. ಅಂಥವರೂ ಇದ್ದಾರೆ ನಮ್ಮಲ್ಲಿ.

ಗಂಡ ಬದುಕಿದ. ಅವಳಿಗೆ ಬೇಕಾಗಿದ್ದದ್ದು ಅದೇ ಎಂದು ನಾವು ತಿಳಿದಿದ್ದೆವು. ಅವನು ಮನೆಗೆ ಬಂದ ಮೇಲಿನ ಮೊದಲ ಭೋಜನದ ಭಾನುವಾರ, ಪಾದ್ರಿಗಳು ಮಧ್ಯಾಹ್ನ ಮನೆಗೇ ಬಂದರು. ಮಂಚದ ಪಕ್ಕ ಬಿಳಿ ಬಟ್ಟೆ ಹಾಸಿ, ರೊಟ್ಟಿಯ ಚೂರು, ಪುಟ್ಟ ಬಟ್ಟಲಲ್ಲಿ ರಸ ಇಟ್ಟು ಪ್ರಾರ್ಥಿಸಿದರು. ರಸ ಕರುಣಾಬಾಯಿಯದೇ. ಸಕ್ಕರೆಯಿಲ್ಲದ್ದು, ಅತ್ತೆಯ ಕ್ರಮದಂತೆ ಹಿಂಡಿದ್ದು. ನಾನು ಬಾಗಿಲಲ್ಲಿ ನಿಂತಿದ್ದೆ.

ಸೂರ್ಯಕಾಂತ ಬಟ್ಟಲನ್ನು ನೋಡಿದ. ಕೈ ಚಾಚಲಿಲ್ಲ.

“ತಗೋರಿ,” ಅಂದಳು ಕರುಣಾಬಾಯಿ.

“ಅದ್ರಾಗ ಏನೂ ಇಲ್ಲ. ಕೋಠಿ ದ್ರಾಕ್ಷಿ ನೀರು,” ಅಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. “ಮೈಕಿನ್ಯಾಗ ನೀನs ಹೇಳಿದಿ.”

“ಅದು ಬ್ಯಾರೆರಿ. ಅದು ಅಂವನ...”

“ಅಂವಾ ಪ್ರಾರ್ಥನಾ ಮಾಡಿದ್ರೂ ದ್ರಾಕ್ಷಿ ನೀರು, ಇವ್ರು ಮಾಡಿದ್ರ ರಕ್ತ ಆಗ್ತೈತೇನು? ಸಾಕು. ನನಗ ಯಾರದೂ ಬ್ಯಾಡ.”

ಪಾದ್ರಿಗಳು ಏನೋ ವಿವರಿಸಲು ಹೋದರು. ಅವಳು ಕೈ ಅಡ್ಡ ಹಿಡಿದಳು. ಬಟ್ಟಲನ್ನು ಎತ್ತಿಕೊಂಡು ಅಂಗಳಕ್ಕೆ ಬಂದು, ಪೇರಲ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ರಸವನ್ನು ಮಣ್ಣಿಗೆ ಹಾಕಿದಳು. ನಾನು ಹತ್ತಿರ ಹೋಗಿ, ಜೀವವಾದರೂ ಉಳಿಯಿತಲ್ಲ ಅಂದೆ.

“ಅಕ್ಕಾ,” ಅಂದಳು, ಮಣ್ಣು ನೋಡುತ್ತಲೇ. “ಕಾಲು ಉಪ್ಯಾ ತಗೊಂಡ. ಇವರ ವಿಶ್ವಾಸ ತಗೊಂಡಾಕಿ ನಾನs ಅಲ್ಲಾ?”

ನಾನು ಅವಳ ಕೈಯಿಂದ ಖಾಲಿ ಬಟ್ಟಲು ಇಸಿದುಕೊಂಡು ತೊಳೆಯಲು ಹೋದೆ.

ಎರಡು ಹೊತ್ತೂ ಅವಳೇ ಅವನಿಗೆ ಇನ್ಸುಲಿನ್ ಕೊಡುತ್ತಾಳೆ. ಅವನು ತಕರಾರಿಲ್ಲದೆ ಅಂಗಿ ಎತ್ತುತ್ತಾನೆ. ಊಟಕ್ಕೆ ಮುಂಚೆ ಅವಳು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅವನು ಟಿವಿಯ ದನಿ ಏರಿಸುತ್ತಾನೆ. ಹಾಡಂತೂ ನಿಂತೇ ಹೋಯಿತು.

ನಿನ್ನೆ ಶನಿವಾರ. ನಾನು ಹೋದಾಗ ಪಾತ್ರೆ ಒಲೆಯ ಮೇಲಿತ್ತು, ಮನೆ ತುಂಬ ಆ ಹಳೆಯ ವಾಸನೆ. ಹೊಸ್ತಿಲ ಬಳಿಯ ಕುರ್ಚಿಯ ಮೇಲೆ ಯಾರೂ ಇರಲಿಲ್ಲ. ಒಳಗಿನ ಕೋಣೆಯಿಂದ ಸೂರ್ಯಕಾಂತ ಕೂಗಿದ:

“ಅಡಗಿಮನಿ ಬಾಗಲಾ ಹಾಕು ಕರುಣಾ. ವಾಸನಿ ಬರಾಕತ್ತೈತಿ.”

ಅವಳು ಎದ್ದು ಹೋಗಿ ಬಾಗಿಲು ಹಾಕಿ ಬಂದು, ಉರಿಯನ್ನು ಸಣ್ಣದು ಮಾಡಿದಳು.