ಕಾವಿಗೆ ಕೂತ ಬಿಳಿ ಕೋಳಿ

ಭತ್ತದ ಹೊಟ್ಟು, ಹಿಕ್ಕೆ, ಬೆಚ್ಚಗಿನ ಪುಕ್ಕ ಎಲ್ಲ ಕಲೆತ ಆ ವಾಸನೆ ಶಿರಾಳಕೊಪ್ಪದ ಸಂತೆಯಲ್ಲಿ ಮೂಗಿಗೆ ಬಡಿದಾಗ ಅಲ್ಲೇ ನಿಂತುಬಿಟ್ಟೆ. ಮರುದಿನ ತೀರಿಹೋದ ಅವ್ವನ ವರ್ಷದ ಎಡೆ, ಅದಕ್ಕೆ ಕೋಳಿ ಒಯ್ಯಬೇಕಿತ್ತು. "ಮೊಟ್ಟೆಗೋ, ಮಾಂಸಕ್ಕೋ? ಲಗೂನ ಹೇಳ್ರೀ ಅಕ್ಕಾ" ಎಂದ ಮಾರುವವನು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಕೂಲಿ ಮಾಡಿಕೊಂಡೇ ಓದಿದ್ದು. ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೂ ಆ ಪ್ರಶ್ನೆ ಕೇಳಿ ಒಂದೊಂದೇ ಕೋಳಿಯನ್ನು ನೋಡುತ್ತ ಹೋದೆ.

ಬಂದಳಿಕೆಯ ಹತ್ತಿರ ನಮ್ಮದೊಂದು ಮಣ್ಣಿನ ಮನೆ ಇತ್ತು, ಈಗಿಲ್ಲ. ಅಲ್ಲಿ ಕೋಳಿಗಳಿಗೆ ಈ ವಿಂಗಡಣೆಯೇ ಇರಲಿಲ್ಲ. ನೀವೂ ಅಂಥ ಮನೆಯಲ್ಲಿ ಬೆಳೆದಿದ್ದರೆ ನಿಮಗೆ ಗೊತ್ತು, ಮೊಟ್ಟೆ ಇಡುವುದೂ ಅದೇ, ಮರಿ ಮಾಡುವುದೂ ಅದೇ, ನೆಂಟರು ಬಂದ ದಿನ ಸಾರಾಗುವುದೂ ಅದೇ. ನಾನು ಹತ್ತನೇ ಕ್ಲಾಸು ಪಾಸಾದಾಗ ಅಪ್ಪ ಕೋಳಿ ಕೊಯ್ಯೋಣ ಎಂದ. ಅವ್ವ ಒಂದನ್ನೂ ಬಿಟ್ಟುಕೊಡಲಿಲ್ಲ. ಒಂದು ಮೊಟ್ಟೆ ಇಡುತ್ತಿತ್ತು, ಇನ್ನೊಂದು ಇನ್ನೇನು ಇಡುವುದರಲ್ಲಿತ್ತು, ಕೆಂಚಿ ಎಂಬ ಮುದಿ ಹೇಟೆಯ ಮೇಲಂತೂ ಅವಳಿಗೆ ಜೀವ. ಅಪ್ಪ ಸಿಟ್ಟಿನಲ್ಲಿ ಸಂತೆಗೆ ಹೋಗಿ ಬಿಳಿಯ ಬ್ರಾಯ್ಲರ್ ಕೋಳಿಯೊಂದನ್ನು ಚೀಲದಲ್ಲಿ ತಂದ. ಕೆಳಗಿಟ್ಟರೆ ಅದು ಕೂತದ್ದು ಕೂತೇ ಇತ್ತು. ಮೈಭಾರಕ್ಕೆ ಕಾಲು ನಿಲ್ಲುವುದಿಲ್ಲ ಎಂದು ನಮಗಾರಿಗೂ ತಿಳಿಯದು. ಅವ್ವ ಅದರ ಹೊಟ್ಟೆಯ ಕೆಳಗೆ ಕೈ ಹಾಕಿ ನೋಡಿದಳು. ಅದನ್ನೆತ್ತಿ ಹುಲ್ಲು ಹಾಸಿದ ಬುಟ್ಟಿಯಲ್ಲಿ ಕೂರಿಸಿ, ಒಳಗೆ ಹೋಗಿ, ಕೂಡಿಟ್ಟ ಮೊಟ್ಟೆಗಳನ್ನು ಸೆರಗಿನಲ್ಲಿ ತಂದು ಒಂದೊಂದೇ ಅದರಡಿ ಸೇರಿಸಿದಳು.

"ಇದೇನೇ? ಮಗಳು ಪಾಸಾಗ್ಯಾಳೆ, ಸಾರೆಲ್ಲಿ?"

"ಸುಮ್ನಿರ್ರೀ. ಕಾವಿಗೆ ಕುಂತೈತಿ. ಬಾಣಂತಿನ ಕೊಯ್ತಾರೇನು?"

"ಸಂತ್ಯಾಗಿಂದ ಬಂದು ತಾಸಾಗಿಲ್ಲ, ಬಾಣಂತಿ ಆತಾ!"

ನನ್ನ ಪಾಸಿನ ಊಟ ಹುರುಳಿ ಸಾರಾಯಿತು. ಅಪ್ಪ ಗೊಣಗುತ್ತಲೇ ಎರಡು ಸಲ ಹಾಕಿಸಿಕೊಂಡ. ಮುಂದೆ ಕೆಂಚಿಯೂ ಅದೇ ಬುಟ್ಟಿಯಲ್ಲಿ ಮಗ್ಗುಲಿಗೆ ಮುದುರಿ ಕೂರತೊಡಗಿತು. ಮರಿಗಳು ಹೊರಬಂದವು. ಯಾವುದರ ಕಾವಿಗೆ ಬಂದವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವ್ವನ ಮಟ್ಟಿಗೆ ತಾಯಿ ಬಿಳಿಯದೇ. ಮಳೆಗಾಲ ಮುಗಿಯುವ ಮೊದಲು ಅದು ಸತ್ತಾಗ ಸಾರಿಗೆ ಕೊಡದೆ ನುಗ್ಗೆಯ ಬುಡದಲ್ಲಿ ಹೂಳಿಸಿದಳು. ಬ್ರಾಯ್ಲರ್ ಕಾವಿಗೆ ಕೂರುವುದಿಲ್ಲವೆಂದು ಕಾಲೇಜಿಗೆ ಹೋದ ಮೇಲೆ ನನಗೆ ತಿಳಿಯಿತು. ಅವ್ವನಿಗೆ ಹೇಳಬೇಕೆಂದು ಊರಿಗೆ ಹೋದವಳು ನುಗ್ಗೆಯ ಬುಡಕ್ಕೆ ನೀರು ಹಾಕಿ ಬಂದೆ.

ಸಂತೆಯಲ್ಲಿ ಕೊನೆಗೆ, ಮೂಲೆಯಲ್ಲಿ ಕೂತಿದ್ದ ಬಿಳಿಯದನ್ನು ತೋರಿಸಿದೆ. "ಕಡ್ದು ಕೊಡ್ಲೇನ್ರೀ?" ಎಂದ. "ಬ್ಯಾಡ, ಹಂಗೇ ಕೊಡಪ್ಪ" ಎಂದೆ. ಮನೆಗೆ ಮರಳುವ ಶಿಕಾರಿಪುರದ ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲಿನ ಚೀಲದಲ್ಲಿ ಅಲುಗಾಡದೆ ಕೂತಿತ್ತು. ಕಾಲಿಗೆ ಬಲವಿಲ್ಲದ್ದಕ್ಕೆ ಎಂದು ನನಗೆ ಗೊತ್ತು, ಓದಿದವಳು ನಾನು. ಆದರೂ ಕೈ ಒಳಗೆ ಹಾಕಿ ಅದರ ಹೊಟ್ಟೆಯ ಕೆಳಗೆ ಮುಟ್ಟಿದೆ. ಬಿಸಿ ಇತ್ತು. ನಾಳೆಯ ಎಡೆಗೆ ಮನೆಯಲ್ಲಿ ಹುರುಳಿ ಉಳಿದಿದೆಯೇ ಎಂದು ನೆನಪು ಮಾಡಿಕೊಳ್ಳತೊಡಗಿದೆ.